ಹಚ್ಚೆ ಏಕೆ ಅಳಿಸುವುದಿಲ್ಲ, ಅದರೊಡನೆ ಏನೇನು ಉಳಿಯುತ್ತದೆ

ನಮ್ಮ ಚರ್ಮದ ಮೇಲ್ಪದರ ಸರಿಸುಮಾರು ನಾಲ್ಕು ವಾರಗಳಿಗೊಮ್ಮೆ ಪೂರ್ತಿ ಹೊಸದಾಗುತ್ತದೆ. ಅಡಿಯಲ್ಲಿ ಹುಟ್ಟಿದ ಜೀವಕೋಶಗಳು ಮೇಲೇರುತ್ತಾ ಚಪ್ಪಟೆಯಾಗಿ, ಒಣಗಿ, ಕೊನೆಗೆ ಗೊತ್ತೇ ಆಗದಂತೆ ಉದುರಿಹೋಗುತ್ತವೆ. ಬೆರಳಿಗೆ ಅಂಟಿದ ಪೆನ್ನಿನ ಶಾಯಿ, ಅಂಗೈಯ ಮೆಹಂದಿ, ಬಿಸಿಲಿಗೆ ಬಂದ ಕಪ್ಪು ಎಲ್ಲವೂ ಆ ಕೋಶಗಳ ಜೊತೆಗೇ ಹೊರಟುಹೋಗುತ್ತವೆ. ಹಚ್ಚೆ ಮಾತ್ರ ಹೋಗುವುದಿಲ್ಲ. 1991ರಲ್ಲಿ ಆಲ್ಪ್ಸ್ ಪರ್ವತದಲ್ಲಿ, ಆಸ್ಟ್ರಿಯಾ ಮತ್ತು ಇಟಲಿಯ ಗಡಿಯ ಬಳಿ, ಹಿಮದಡಿ ಸಿಕ್ಕ ‘ಓಟ್ಸಿ’ ಎಂಬ ಪುರಾತನ ಮನುಷ್ಯನ ದೇಹ ಐದು ಸಾವಿರ ವರ್ಷಗಳಿಗೂ ಹಳೆಯದು. ಅದರ ಮೇಲೆ 61 ಹಚ್ಚೆಗಳನ್ನು ಎಣಿಸಿದ್ದಾರೆ. ಮಸಿಯಿಂದ ಮಾಡಿದ ಸರಳ ಗೆರೆಗಳವು, ಇಂದಿಗೂ ಗುರುತು ಹಿಡಿಯುವಷ್ಟು ಸ್ಪಷ್ಟವಾಗಿವೆ.

‘ಬಣ್ಣ ಆಳಕ್ಕೆ ಹೋಗಿರುತ್ತದೆ, ಅದಕ್ಕೇ ಅಳಿಸುವುದಿಲ್ಲ’ ಎಂಬುದು ಎಲ್ಲರೂ ಹೇಳುವ ಉತ್ತರ. ಅದು ಸುಳ್ಳಲ್ಲ, ಆದರೆ ಅರ್ಧ ಮಾತ್ರ. ಆಳಕ್ಕೆ ಹೊಕ್ಕ ಮುಳ್ಳನ್ನು ದೇಹ ಕೀವು ಕಟ್ಟಿಸಿ ಹೊರದಬ್ಬುತ್ತದೆ. ಏಟು ಬಿದ್ದು ಒಳಗೇ ಸೋರಿದ ರಕ್ತದ ನೀಲಿ ಕಲೆ ಎರಡು ವಾರಗಳಲ್ಲಿ ಕರಗಿಹೋಗುತ್ತದೆ. ಅದೇ ಆಳದಲ್ಲಿ ಕುಳಿತ ಹಚ್ಚೆಯ ಬಣ್ಣಕ್ಕೆ ಮಾತ್ರ ಈ ವಿನಾಯಿತಿ ಏಕೆ? ಏಕೆಂದರೆ ದೇಹ ಅದನ್ನು ಸುಮ್ಮನೆ ಬಿಟ್ಟಿಲ್ಲ. ಹಿಡಿದಿದೆ, ಆದರೆ ಕರಗಿಸಲು ಆಗಿಲ್ಲ. ಹಚ್ಚೆ ಶಾಶ್ವತವಾಗಿರುವುದು ಚರ್ಮ ಅದನ್ನು ಒಪ್ಪಿಕೊಂಡಿದ್ದರಿಂದಲ್ಲ, ಕೊನೆಯಿಲ್ಲದ ಒಂದು ಶುಚಿಕಾರ್ಯದಿಂದ. ಈ ಮಾತು ತಿಳಿದರೆ ಹಚ್ಚೆಯ ಅಪಾಯಗಳಲ್ಲಿ ಬಹುಪಾಲು ಎಲ್ಲಿಂದ ಹೊರಡುತ್ತವೆ ಎಂಬುದೂ, ಅದನ್ನು ಅಳಿಸುವುದು ಏಕೆ ಅಷ್ಟು ಕಷ್ಟ ಎಂಬುದೂ ತಿಳಿಯುತ್ತದೆ.

## ಒಂದೆರಡು ಮಿಲಿಮೀಟರ್ ಆಳದಲ್ಲಿ

ಚರ್ಮಕ್ಕೆ ಎರಡು ಮುಖ್ಯ ಪದರಗಳು. ಮೇಲಿನದು ಹೊರಚರ್ಮ, ದೇಹದ ಬಹುಭಾಗದಲ್ಲಿ ಅದರ ದಪ್ಪ ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟೇ. ಅದರಡಿಯ ಒಳಚರ್ಮದಲ್ಲಿ ಸೂಕ್ಷ್ಮ ರಕ್ತನಾಳಗಳು, ನರದ ತುದಿಗಳು, ಕೂದಲಿನ ಬುಡ, ಬೆವರಿನ ಗ್ರಂಥಿಗಳು, ಇವನ್ನೆಲ್ಲ ಹಿಡಿದಿಟ್ಟ ಕೊಲಾಜೆನ್ ನಾರುಗಳು ಇರುತ್ತವೆ. ಹಚ್ಚೆಯ ಸೂಜಿ ತಲುಪಬೇಕಾದದ್ದು ಈ ಎರಡನೇ ಪದರವನ್ನು, ಅಂದರೆ ಒಂದರಿಂದ ಎರಡು ಮಿಲಿಮೀಟರ್ ಆಳವನ್ನು. ಅದಕ್ಕಿಂತ ಮೇಲೆಯೇ ನಿಂತರೆ ಬಣ್ಣ ತಿಂಗಳೊಪ್ಪತ್ತಿನಲ್ಲಿ ಉದುರಿಹೋಗುತ್ತದೆ. ತೀರ ಆಳಕ್ಕಿಳಿದು ಕೊಬ್ಬಿನ ಪದರವನ್ನು ಮುಟ್ಟಿದರೆ ಗೆರೆಯ ಅಂಚು ಒಡೆದು ಸುತ್ತಲೂ ನೀಲಿ ಮಸುಕು ಹರಡುತ್ತದೆ. ಇದು ಸೋಂಕಲ್ಲ, ಕೈತಪ್ಪು. ಆದರೆ ಸರಿಪಡಿಸುವುದು ಸುಲಭವಲ್ಲ.

ವಿದ್ಯುತ್ತಿನ ಹಚ್ಚೆ ಯಂತ್ರಕ್ಕೆ ನ್ಯೂಯಾರ್ಕಿನ ಸ್ಯಾಮ್ಯುಯೆಲ್ ಓರೈಲಿ ಪೇಟೆಂಟ್ ಪಡೆದದ್ದು 1891ರಲ್ಲಿ. ಥಾಮಸ್ ಎಡಿಸನ್ ಕಾಗದಕ್ಕೆ ತೂತು ಕೊರೆದು ಪ್ರತಿ ತೆಗೆಯಲೆಂದು ಮಾಡಿದ್ದ ವಿದ್ಯುತ್ ಲೇಖನಿಯ ತತ್ವವೇ ಅದಕ್ಕೆ ಆಧಾರ. ಈಗಿನ ಯಂತ್ರಗಳು ನಿಮಿಷಕ್ಕೆ ಸಾವಿರಾರು ಬಾರಿ ಚುಚ್ಚಬಲ್ಲವು. ಹಲವರು ಅಂದುಕೊಂಡಂತೆ ಈ ಸೂಜಿ ಇಂಜೆಕ್ಷನ್ ಸೂಜಿಯ ಹಾಗೆ ಟೊಳ್ಳಾಗಿರುವುದಿಲ್ಲ. ಗಟ್ಟಿ ಸೂಜಿಗಳ ಒಂದು ಗುಚ್ಛ ಅದು. ಸೂಜಿಗಳ ನಡುವಿನ ಸಂದಿಯಲ್ಲಿ ಶಾಯಿ ನಿಂತಿರುತ್ತದೆ, ಸೂಜಿ ಹೊರಬರುವಾಗ ಆದ ತೂತಿನೊಳಕ್ಕೆ ಅದು ಎಳೆದುಕೊಂಡು ಹೋಗುತ್ತದೆ. ಹತ್ತಿರದಿಂದ ನೋಡಿದರೆ ಗೆರೆ ಎಳೆದ ಕೂಡಲೇ ಚರ್ಮ ಕೆಂಪಾಗಿ ಉಬ್ಬುತ್ತದೆ, ಕಪ್ಪು ಶಾಯಿಯ ನಡುನಡುವೆ ಸಾಸಿವೆಗಿಂತ ಸಣ್ಣ ರಕ್ತದ ಚುಕ್ಕಿಗಳು ಏಳುತ್ತವೆ. ಹಚ್ಚೆ ಹಾಕುವವರು ಪ್ರತಿ ಗೆರೆಗೂ ಕಾಗದದಿಂದ ಶಾಯಿ, ರಕ್ತ ಎರಡನ್ನೂ ಒಟ್ಟಿಗೆ ಒರೆಸುತ್ತಾ ಹೋಗುತ್ತಾರೆ. ಆ ಒರೆಸಿದ ಕಾಗದವನ್ನು ಒಮ್ಮೆ ನೋಡಿದವರಿಗೆ ಇದು ಬರೀ ಅಲಂಕಾರವಲ್ಲ, ಸಾವಿರಾರು ಬಾಯಿಗಳಿರುವ ಒಂದು ತೆರೆದ ಗಾಯ ಎಂದು ಬೇರೆ ಹೇಳಬೇಕಾಗಿಲ್ಲ.

ಗಾಯವಾದ ಕಡೆ ದೇಹ ಕೂಡಲೇ ಕಾವಲು ಕೋಶಗಳನ್ನು ಕಳುಹಿಸುತ್ತದೆ. ಅವುಗಳಲ್ಲಿ ಮುಖ್ಯವಾದವು ಮ್ಯಾಕ್ರೋಫೇಜ್‌ಗಳು. ಬ್ಯಾಕ್ಟೀರಿಯಾ, ಸತ್ತ ಕೋಶ, ಧೂಳಿನ ಕಣ, ಹೊರಗಿನಿಂದ ಬಂದದ್ದು ಯಾವುದೇ ಇರಲಿ, ಅದನ್ನು ನುಂಗಿ ಒಳಗಿನ ಕಿಣ್ವಗಳಿಂದ ಕರಗಿಸುವುದು ಅವುಗಳ ಕೆಲಸ. ಬಣ್ಣದ ಕಣಗಳನ್ನೂ ಅವು ನುಂಗುತ್ತವೆ. ಆದರೆ ಹಚ್ಚೆಯ ಬಣ್ಣ ಲೋಹದ ಆಕ್ಸೈಡ್, ಶುದ್ಧ ಇಂಗಾಲ ಅಥವಾ ಗಟ್ಟಿಯಾದ ಕೃತಕ ವರ್ಣದ್ರವ್ಯ. ಯಾವ ಕಿಣ್ವಕ್ಕೂ ಅದು ಬಗ್ಗುವುದಿಲ್ಲ. ನುಂಗಿದ ಕೋಶ ಅದನ್ನು ಕರಗಿಸಲಾರದೆ, ಹೊತ್ತೊಯ್ಯಲಾರದೆ, ಹೊಟ್ಟೆಯಲ್ಲಿಟ್ಟುಕೊಂಡು ಅಲ್ಲೇ ಕುಳಿತುಬಿಡುತ್ತದೆ. ಕನ್ನಡಿಯಲ್ಲಿ ಹಚ್ಚೆಯೆಂದು ಕಾಣುವುದು ಬಹುಮಟ್ಟಿಗೆ ಹೀಗೆ ಬಣ್ಣ ತುಂಬಿಕೊಂಡ ಕೋಶಗಳ ಸಾಲನ್ನೇ.

ಆ ಕೋಶಗಳಿಗೂ ಆಯುಸ್ಸಿದೆ. ಅವು ಸತ್ತಾಗ ಬಣ್ಣ ಏಕೆ ಹರಡಿಹೋಗುವುದಿಲ್ಲ? ಫ್ರಾನ್ಸಿನ ಮಾರ್ಸೇಲ್ ನಗರದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಉತ್ತರ ಕೊಟ್ಟಿತು. ಇಲಿಗಳ ಬಾಲಕ್ಕೆ ಹಸಿರು ಹಚ್ಚೆ ಹಾಕಿ, ಬಣ್ಣ ಹಿಡಿದಿದ್ದ ಮ್ಯಾಕ್ರೋಫೇಜ್‌ಗಳನ್ನೆಲ್ಲ ಬೇಕೆಂದೇ ಸಾಯಿಸಿದರು. ಹಚ್ಚೆ ಕದಲಲಿಲ್ಲ. ಸತ್ತ ಕೋಶ ಕೈಬಿಟ್ಟ ಬಣ್ಣವನ್ನು ಹೊಸದಾಗಿ ಬಂದ ಕೋಶಗಳು ಅದೇ ಜಾಗದಲ್ಲಿ ಮತ್ತೆ ನುಂಗಿದ್ದವು. ಹಿಡಿಯುವುದು, ಸಾಯುವುದು, ಮತ್ತೊಂದು ಹಿಡಿಯುವುದು. ಹಚ್ಚೆ ಇರುವಷ್ಟು ಕಾಲವೂ ಚರ್ಮದಲ್ಲಿ ಈ ಕೈಬದಲಾವಣೆ ನಡೆದೇ ಇರುತ್ತದೆ. ವರ್ಷಗಳು ಕಳೆದಂತೆ ಗೆರೆಗಳು ದಪ್ಪವಾಗಿ ಅಂಚು ಮಬ್ಬಾಗುವುದಕ್ಕೆ ಇದೂ ಒಂದು ಕಾರಣವೆಂದು ನಂಬಲಾಗಿದೆ. ಪ್ರತಿ ಬಾರಿ ಕೈಬದಲಾದಾಗ ಒಂದಿಷ್ಟು ಕಣ ಆಚೀಚೆ ಸರಿಯುತ್ತದೆ. ಬಿಸಿಲು ತನ್ನ ಪಾಲಿನ ಕೆಲಸ ಮಾಡುತ್ತದೆ. ಕೆಂಪು, ಹಳದಿಯಂತಹ ಬಣ್ಣಗಳು ನೇರಳಾತೀತ ಕಿರಣಕ್ಕೆ ಒಡೆದು ಬೇಗ ಮಾಸುತ್ತವೆ, ಇಂಗಾಲದ ಕಪ್ಪು ಹೆಚ್ಚು ಕಾಲ ನಿಲ್ಲುತ್ತದೆ. ಅಂದರೆ ಹಚ್ಚೆ ಶಾಶ್ವತ, ಹಚ್ಚೆಯ ಚಿತ್ರ ಶಾಶ್ವತವಲ್ಲ. ಒತ್ತೊತ್ತಾಗಿ ಬರೆದ ಸಣ್ಣ ಅಕ್ಷರಗಳನ್ನು ಹಾಕಿಸಿಕೊಳ್ಳುವವರು ಮೊದಲು ಯೋಚಿಸಬೇಕಾದದ್ದು ಇದನ್ನು.

ಎಲ್ಲ ಬಣ್ಣವೂ ಅಲ್ಲೇ ನಿಲ್ಲುವುದಿಲ್ಲ. ತೀರ ಸಣ್ಣ ಕಣಗಳು ದುಗ್ಧರಸದ, ಅಂದರೆ ಲಿಂಫ್ ಎಂಬ ತಿಳಿ ದ್ರವದ, ಹರಿವಿನಲ್ಲಿ ಸೇರಿ ಕಂಕುಳು, ತೊಡೆಸಂದು, ಕುತ್ತಿಗೆಯ ದುಗ್ಧಗ್ರಂಥಿಗಳಿಗೆ ಹೋಗಿ ತಂಗುತ್ತವೆ. ಶವಪರೀಕ್ಷೆ ಮಾಡುವ ವೈದ್ಯರಿಗೆ ಇದು ಹಳೆಯ ವಿಷಯ, ತೋಳಿನ ಹಚ್ಚೆಯ ಬಣ್ಣವೇ ಕಂಕುಳಿನ ಗ್ರಂಥಿಯಲ್ಲಿ ಕಾಣುತ್ತದೆ. 2017ರಲ್ಲಿ ಜರ್ಮನಿಯ ವಿಜ್ಞಾನಿಗಳು ಫ್ರಾನ್ಸಿನ ಗ್ರೆನೋಬಲ್‌ನಲ್ಲಿರುವ ಸಿಂಕ್ರೊಟ್ರಾನ್ ಎಂಬ ಅತಿ ಪ್ರಖರ ಎಕ್ಸ್‌-ರೇ ಕೇಂದ್ರದ ನೆರವಿನಿಂದ ಮನುಷ್ಯರ ಚರ್ಮವನ್ನೂ ಗ್ರಂಥಿಗಳನ್ನೂ ಪರೀಕ್ಷಿಸಿದಾಗ, ಗ್ರಂಥಿಗಳಲ್ಲಿ ನ್ಯಾನೋ ಗಾತ್ರದ ಬಣ್ಣದ ಕಣಗಳು ಸಿಕ್ಕವು. ಇದರಿಂದ ನೇರವಾದ ಹಾನಿ ಎಷ್ಟು ಎನ್ನುವುದು ಬೇರೆ ಮಾತು. ತಕ್ಷಣದ ಒಂದು ತೊಡಕಂತೂ ಇದೆ. ಮೆಲನೋಮ ಎಂಬ ಚರ್ಮದ ಕ್ಯಾನ್ಸರ್ ಹರಡಿದಾಗಲೂ ಗ್ರಂಥಿಗಳು ಕಪ್ಪಾಗುತ್ತವೆ. ಹಚ್ಚೆಯ ಬಣ್ಣ ಸೇರಿ ಕಪ್ಪಾದ ಗ್ರಂಥಿಯನ್ನು ಕ್ಯಾನ್ಸರ್ ಎಂದು ಶಂಕಿಸಿದ ಪ್ರಕರಣಗಳು ವೈದ್ಯಕೀಯ ಸಾಹಿತ್ಯದಲ್ಲಿ ಎಷ್ಟೋ ಇವೆ. ಯಾವುದೇ ಗ್ರಂಥಿಯ ತಪಾಸಣೆಗೆ ಹೋದಾಗ, ಅಳಿಸಿದ ಹಚ್ಚೆಯೂ ಸೇರಿದಂತೆ ಎಲ್ಲವನ್ನೂ ವೈದ್ಯರಿಗೆ ತಿಳಿಸಬೇಕು ಎನ್ನುವುದು ಇದಕ್ಕಾಗಿ.

## ಸೂಜಿ ಹೊಸದು, ನೀರು?

ಅಪಾಯ ಎಂದೊಡನೆ ಜನರಿಗೆ ನೆನಪಾಗುವುದು ಸೂಜಿ. ‘ಹೊಸ ಸೂಜಿಯೇ ತಾನೆ?’ ಎಂದು ಕೇಳಿ ಸಮಾಧಾನ ಮಾಡಿಕೊಳ್ಳುತ್ತಾರೆ. ಕೇಳಲೇಬೇಕಾದ ಪ್ರಶ್ನೆ ಅದು. ಹೆಪಟೈಟಿಸ್ ಬಿ ವೈರಸ್ ಒಣಗಿದ ರಕ್ತದಲ್ಲಿ, ಮೇಜಿನ ಮೇಲೆ, ದೇಹದ ಹೊರಗೆ ಕನಿಷ್ಠ ಏಳು ದಿನ ಬದುಕಿರಬಲ್ಲದು. ಯಕೃತ್ತನ್ನು ಕಾಡುವ ಈ ವೈರಸ್‌ಗೆ ಲಸಿಕೆ ಇದೆ. ಹೆಪಟೈಟಿಸ್ ಸಿಗೆ ಲಸಿಕೆ ಇಲ್ಲ, ಆದರೆ ಈಗ ಗುಣಪಡಿಸುವ ಮಾತ್ರೆಗಳಿವೆ. ನ್ಯೂಯಾರ್ಕ್ ನಗರ 1961ರಲ್ಲಿ ಹೆಪಟೈಟಿಸ್ ಹರಡುತ್ತದೆಂಬ ಕಾರಣ ನೀಡಿ ಹಚ್ಚೆ ಹಾಕುವುದನ್ನೇ ನಿಷೇಧಿಸಿತ್ತು, ಆ ನಿಷೇಧ ತೆರವಾದದ್ದು 1997ರಲ್ಲಿ. ಮನೆಯಲ್ಲಿ, ಜೈಲಿನಲ್ಲಿ, ಗೆಳೆಯರ ನಡುವೆ ಒಂದೇ ಸೂಜಿ ಕೈಬದಲಾಯಿಸಿ ಹಾಕಿಕೊಂಡ ಹಚ್ಚೆಗೂ ಹೆಪಟೈಟಿಸ್ ಸಿಗೂ ಇರುವ ನಂಟು ಹಲವು ಅಧ್ಯಯನಗಳಲ್ಲಿ ಕಂಡಿದೆ. ಹಚ್ಚೆ ಹಾಕಿಸಿಕೊಂಡವರಿಂದ ಕೆಲವು ತಿಂಗಳ ಕಾಲ, ಕೆಲವು ದೇಶಗಳಲ್ಲಿ ಒಂದು ವರ್ಷದವರೆಗೆ, ರಕ್ತ ತೆಗೆದುಕೊಳ್ಳದಿರುವುದೂ ಇದೇ ಕಾರಣಕ್ಕೆ.

ಆದರೆ ನನ್ನ ಲೆಕ್ಕದಲ್ಲಿ ಜನ ಕೇಳದೆ ಬಿಡುವ ಪ್ರಶ್ನೆಯೇ ಹೆಚ್ಚು ಮುಖ್ಯ: ಶಾಯಿಯಲ್ಲಿ ಏನಿದೆ, ಅದಕ್ಕೆ ಯಾವ ನೀರು ಬೆರೆಸಿದ್ದಾರೆ? 2011ರಲ್ಲಿ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿ 19 ಮಂದಿಗೆ ಹಚ್ಚೆಯ ಜಾಗದಲ್ಲಿ ಕೆಂಪು ಗುಳ್ಳೆಗಳು ಎದ್ದವು. ಎಲ್ಲರಿಗೂ ಹಚ್ಚೆ ಹಾಕಿದ್ದು ಒಬ್ಬರೇ, ಬಳಸಿದ್ದು ಮೊದಲೇ ತೆಳುಮಾಡಿ ಬಾಟಲಿಯಲ್ಲಿ ತುಂಬಿ ಮಾರುತ್ತಿದ್ದ ಬೂದು ಶಾಯಿ. ತನಿಖೆ ಮಾಡಿದಾಗ ಇನ್ನೂ ಮುಚ್ಚಳ ತೆಗೆಯದ ಮೂರು ಬಾಟಲಿಗಳಲ್ಲಿ ಒಂದರೊಳಗೆ ಮೈಕೋಬ್ಯಾಕ್ಟೀರಿಯಂ ಕೆಲೋನೆ ಎಂಬ ಬ್ಯಾಕ್ಟೀರಿಯಾ ಸಿಕ್ಕಿತು. ಇದು ಕ್ಷಯರೋಗದ ಬ್ಯಾಕ್ಟೀರಿಯಾದ ದೂರದ ಬಂಧು, ನಲ್ಲಿಯ ನೀರಿನಲ್ಲೂ ಮಣ್ಣಿನಲ್ಲೂ ಇರುವಂಥದ್ದು. ಕುಡಿದರೆ ಆರೋಗ್ಯವಂತರಿಗೆ ಏನೂ ಆಗುವುದಿಲ್ಲ. ಒಳಚರ್ಮಕ್ಕೆ ಇಳಿಸಿದರೆ ಮಾತ್ರ ಒಂದೆರಡು ವಾರ ಸುಮ್ಮನಿದ್ದು ಆಮೇಲೆ ಗುಳ್ಳೆಯೇಳಿಸುತ್ತದೆ, ಸಾಮಾನ್ಯ ಆ್ಯಂಟಿಬಯಾಟಿಕ್‌ಗಳಿಗೆ ಮಣಿಯುವುದಿಲ್ಲ, ಚಿಕಿತ್ಸೆ ತಿಂಗಳುಗಟ್ಟಲೆ ಎಳೆಯುತ್ತದೆ. ಹಚ್ಚೆ ಹಾಕಿದವರ ಕೈಗವಸು, ಸೂಜಿ, ಮೇಜು ಎಲ್ಲವೂ ಶುಚಿಯಾಗಿದ್ದೂ ಇದು ಆಗಬಹುದು ಎಂಬುದೇ ಇಲ್ಲಿ ಗಮನಿಸಬೇಕಾದದ್ದು. ನೆರಳಿನ ಬಣ್ಣಕ್ಕಾಗಿ ಕಪ್ಪು ಶಾಯಿಯನ್ನು ನಲ್ಲಿ ನೀರಿನಿಂದ ತೆಳುಮಾಡುವ ಅಭ್ಯಾಸ ಎಲ್ಲೆಲ್ಲಿದೆಯೋ ಅಲ್ಲೆಲ್ಲ ಇದೇ ಅಪಾಯ. ‘ಶುದ್ಧ ನೀರು’ ಎಂದರೆ ಸಾಲದು, ಕ್ರಿಮಿರಹಿತವೆಂದು ಮುದ್ರೆಯಿರುವ ನೀರೇ ಆಗಬೇಕು.

ಇದು ಎಲ್ಲೋ ಒಂದು ಕಡೆ ನಡೆದ ಆಕಸ್ಮಿಕವೂ ಅಲ್ಲ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ವಿಜ್ಞಾನಿಗಳು 2024ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, 14 ತಯಾರಕರ 75 ಶಾಯಿ ಮಾದರಿಗಳ ಪೈಕಿ 26ರಲ್ಲಿ ಬ್ಯಾಕ್ಟೀರಿಯಾ ಬೆಳೆದವು. ಮೇಲಿನ ಚೀಟಿಯಲ್ಲಿ ‘ಕ್ರಿಮಿರಹಿತ’ ಎಂದು ಬರೆದಿದ್ದಕ್ಕೂ ಒಳಗೆ ಬ್ಯಾಕ್ಟೀರಿಯಾ ಇಲ್ಲದಿರುವುದಕ್ಕೂ ಸ್ಪಷ್ಟ ಸಂಬಂಧವೇ ಕಾಣಲಿಲ್ಲ. ‘ಸಸ್ಯಜನ್ಯ’, ‘ನೈಸರ್ಗಿಕ’ ಎಂಬ ಚೀಟಿಗಳಿಗಂತೂ ಈ ವಿಚಾರದಲ್ಲಿ ಕಿಲುಬು ಕಾಸಿನ ಬೆಲೆಯೂ ಇಲ್ಲ.

ಉಪಕರಣಗಳ ಬಗ್ಗೆ ಒಂದು ಮಾತು. ಮರುಬಳಕೆಯ ಭಾಗಗಳನ್ನು ಕ್ರಿಮಿಮುಕ್ತಗೊಳಿಸಲು ಆಟೋಕ್ಲೇವ್ ಬೇಕು. ಒತ್ತಡದ ಹಬೆಯಲ್ಲಿ 121 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಕನಿಷ್ಠ ಹದಿನೈದು ನಿಮಿಷ ಇಟ್ಟರೆ ಬ್ಯಾಕ್ಟೀರಿಯಾದ ಬೀಜಾಣುಗಳೂ ಸಾಯುತ್ತವೆ. ನೀಲಿ ಬೆಳಕು ಉರಿಯುವ ಗಾಜಿನ ಪೆಟ್ಟಿಗೆ ನೋಡಲು ಚೆಂದ, ಆದರೆ ಅದು ಆಟೋಕ್ಲೇವ್ ಅಲ್ಲ. ಬೆಳಕು ಬೀಳದ ಸಂದಿಯಲ್ಲಿ ಅದು ಏನನ್ನೂ ಕೊಲ್ಲುವುದಿಲ್ಲ. ಕುದಿಯುವ ನೀರು, ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿ ಇವೂ ಸಾಲವು. ಸೂಜಿಯ ಪೊಟ್ಟಣವನ್ನು ನಿಮ್ಮ ಕಣ್ಣೆದುರಿಗೇ ಹರಿಯಬೇಕು, ದೊಡ್ಡ ಬಾಟಲಿಯಿಂದ ನಿಮಗೆಂದು ಸುರಿದುಕೊಂಡ ಶಾಯಿಯಲ್ಲಿ ಉಳಿದದ್ದನ್ನು ಮತ್ತೆ ಬಾಟಲಿಗೆ ಸುರಿಯದೆ ಎಸೆಯಬೇಕು. ನಡುವೆ ಮೊಬೈಲ್ ಮುಟ್ಟಿದ ಕೈಗವಸನ್ನು ಬದಲಾಯಿಸದೆ ಕೆಲಸ ಮುಂದುವರಿಸಿದರೆ ಎದ್ದು ಬರುವುದರಲ್ಲಿ ಸಂಕೋಚ ಬೇಡ.

ಹಾಕಿಸಿಕೊಂಡ ಮೊದಲ ಎರಡು ಮೂರು ದಿನ ಕೆಂಪು, ಊತ, ತಿಳಿನೀರು ಜಿನುಗುವುದು ಸಹಜ. ಒಂದು ವಾರದ ಹೊತ್ತಿಗೆ ಮೇಲೆ ಹಕ್ಕಳೆ ಕಟ್ಟಿ ಸುಲಿಯುತ್ತದೆ. ಎರಡರಿಂದ ನಾಲ್ಕು ವಾರದಲ್ಲಿ ಮೇಲ್ಪದರ ಕೂಡಿಕೊಳ್ಳುತ್ತದೆ, ಒಳಪದರಕ್ಕೆ ಇನ್ನೂ ಹೆಚ್ಚು ಕಾಲ ಬೇಕು. ನೋವು, ಕೆಂಪು ದಿನದಿಂದ ದಿನಕ್ಕೆ ಕಡಿಮೆಯಾಗಬೇಕೇ ಹೊರತು ಹೆಚ್ಚಾಗಬಾರದು. ಕೆಂಪು ಹಚ್ಚೆಯ ಗಡಿ ದಾಟಿ ಹರಡಿದರೆ, ಕೀವಾದರೆ, ಗಾಯದಿಂದ ಮೇಲಕ್ಕೆ ಕೆಂಪು ಗೆರೆ ಓಡಿದರೆ, ಜ್ವರ ಬಂದರೆ ವೈದ್ಯರಲ್ಲಿಗೆ ಹೋಗಬೇಕು, ಹಚ್ಚೆ ಹಾಕಿದವರಲ್ಲಿಗಲ್ಲ. ಗಾಯ ಮಾಯುವ ತನಕ ಸಮುದ್ರ, ಕೆರೆ, ಈಜುಕೊಳ ವರ್ಜ್ಯ ಎನ್ನುವುದೂ ಬರೀ ಉಪದೇಶವಲ್ಲ. 2017ರಲ್ಲಿ ವರದಿಯಾದ ಒಂದು ಪ್ರಕರಣದಲ್ಲಿ, ಕಾಲಿಗೆ ಹಚ್ಚೆ ಹಾಕಿಸಿಕೊಂಡ ಐದೇ ದಿನಕ್ಕೆ ಮೆಕ್ಸಿಕೋ ಕೊಲ್ಲಿಯಲ್ಲಿ ಈಜಿದ 31 ವರ್ಷದ ವ್ಯಕ್ತಿಗೆ ವಿಬ್ರಿಯೊ ವಲ್ನಿಫಿಕಸ್ ಎಂಬ ಸಮುದ್ರದ ಬ್ಯಾಕ್ಟೀರಿಯಾ ತಗಲಿತು. ಮೊದಲೇ ಯಕೃತ್ತಿನ ಕಾಯಿಲೆಯಿದ್ದ ಅವರು ಆಸ್ಪತ್ರೆಯಲ್ಲಿ ವಾರಗಟ್ಟಲೆ ನರಳಿ ತೀರಿಕೊಂಡರು. ಇಂತಹ ಸಾವು ಬಲು ಅಪರೂಪ. ಆದರೆ ಯಕೃತ್ತಿನ ಕಾಯಿಲೆ, ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ, ಹೃದಯದ ಕವಾಟದ ತೊಂದರೆ, ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧ ಇವುಗಳಲ್ಲಿ ಯಾವುದೇ ಇದ್ದವರಿಗೆ ಅದೇ ಹಚ್ಚೆಯ ಅಪಾಯ ಪಕ್ಕದವರಿಗಿಂತ ಎಷ್ಟೋ ಪಟ್ಟು ಹೆಚ್ಚು.

## ಹತ್ತು ವರ್ಷ ಸುಮ್ಮನಿದ್ದ ಕೆಂಪು

ಸೋಂಕು ಬರುವುದಾದರೆ ಬಹುತೇಕ ಮೊದಲ ಕೆಲವು ವಾರಗಳಲ್ಲೇ ಬರುತ್ತದೆ. ಅಲರ್ಜಿಗೆ ಅಂತಹ ಗಡುವಿಲ್ಲ. ಕಾವಲು ಕೋಶಗಳು ಬಣ್ಣವನ್ನು ಪ್ರತಿದಿನ ಮುಟ್ಟುತ್ತಲೇ ಇರುವುದರಿಂದ, ರೋಗನಿರೋಧಕ ವ್ಯವಸ್ಥೆ ಅದರ ಮೇಲೆ ಯಾವ ದಿನ ಬೇಕಾದರೂ ತಿರುಗಿಬೀಳಬಹುದು. ತಿಂಗಳುಗಳ ಮೇಲೆ, ವರ್ಷಗಳ ಮೇಲೆ, ಒಮ್ಮೊಮ್ಮೆ ದಶಕದ ಮೇಲೆ.

ಇದರಲ್ಲಿ ಕುಖ್ಯಾತಿ ಕೆಂಪಿನದು. ಚಿತ್ರದಲ್ಲಿ ಕಪ್ಪು, ಹಸಿರು, ಕೆಂಪು ಮೂರೂ ಇದ್ದರೆ, ಕೆಂಪು ಇರುವಷ್ಟು ಜಾಗ ಮಾತ್ರ ಅಚ್ಚು ಕಟ್ಟಿದಂತೆ ಉಬ್ಬಿ ನಿಲ್ಲುತ್ತದೆ. ಹೂವಿನ ಎಲೆ ಚಪ್ಪಟೆ, ದಳ ಗಟ್ಟಿಯಾದ ಗಂಟು. ನವೆ ನಿದ್ದೆಗೆಡಿಸುತ್ತದೆ. ಹಿಂದೆ ಕೆಂಪಿಗೆ ಪಾದರಸದ ಸಂಯುಕ್ತವಾದ ಇಂಗಳಿಕವನ್ನು ಬಳಸುತ್ತಿದ್ದರು, ಈಗ ಹೆಚ್ಚಾಗಿ ಬಳಸುವುದು ಅಜೋ ಗುಂಪಿನ ಕೃತಕ ವರ್ಣದ್ರವ್ಯಗಳನ್ನು. ಪದಾರ್ಥ ಬದಲಾದರೂ ಕೆಂಪಿನ ಕಾಟ ತಪ್ಪಿಲ್ಲ. ಮುಲಾಮು ಹಚ್ಚಿ ನವೆ ಇಳಿಸಬಹುದು, ಕಾರಣ ಮಾತ್ರ ಚರ್ಮದಲ್ಲೇ ಇರುತ್ತದೆ. ಎಷ್ಟೋ ವೇಳೆ ಆ ಭಾಗವನ್ನು ಕತ್ತರಿಸಿ ತೆಗೆಯದೆ ಬೇರೆ ದಾರಿಯಿರುವುದಿಲ್ಲ. ‘ಕಿವಿಯ ಹಿಂದೆ ಒಂದು ಚುಕ್ಕಿ ಹಾಕಿ ಪರೀಕ್ಷೆ ಮಾಡುತ್ತೇವೆ’ ಎನ್ನುವವರೂ ಇದ್ದಾರೆ. ಹತ್ತು ವರ್ಷದ ಮೇಲೆ ಬರಬಹುದಾದ ಅಲರ್ಜಿಯನ್ನು ಮೂರು ದಿನದ ಚುಕ್ಕಿ ಹೇಳಲಾರದು.

ಹಾಗಾದರೆ ಆ ಬಾಟಲಿಯಲ್ಲಿ ಇರುವುದು ಏನು? ಕಪ್ಪು ಎಂದರೆ ಎಣ್ಣೆ, ಅನಿಲಗಳನ್ನು ಅರೆಬರೆ ಸುಟ್ಟು ಪಡೆದ ಇಂಗಾಲದ ಪುಡಿ. ಬಿಳಿ ಎಂದರೆ ಟೈಟಾನಿಯಂ ಡೈಆಕ್ಸೈಡ್, ಗೋಡೆಯ ಬಣ್ಣದಲ್ಲೂ ಇರುವಂಥದ್ದು. ಕಂದು ಎಂದರೆ ಕಬ್ಬಿಣದ ಆಕ್ಸೈಡ್. ನೀಲಿ, ಹಸಿರಿಗೆ ತಾಮ್ರ ಸೇರಿದ ಥಾಲೋಸಯನಿನ್‌ಗಳು. ಇವುಗಳಲ್ಲಿ ಹೆಚ್ಚಿನವು ಮೂಲತಃ ವಾಹನದ ಬಣ್ಣ, ಪ್ಲಾಸ್ಟಿಕ್, ಮುದ್ರಣದ ಕೆಲಸಕ್ಕೆಂದು ತಯಾರಾದವು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸೌಂದರ್ಯಕ್ಕಾಗಿ ಚರ್ಮದೊಳಕ್ಕೆ ಚುಚ್ಚಲು ಒಂದೇ ಒಂದು ವರ್ಣದ್ರವ್ಯಕ್ಕೂ ಅನುಮೋದನೆ ಕೊಟ್ಟಿಲ್ಲ, ಬಳಕೆ ಮಾತ್ರ ನಡೆದೇ ಇದೆ. ಐರೋಪ್ಯ ಒಕ್ಕೂಟ 2022ರ ಜನವರಿ 4ರಿಂದ ಹಚ್ಚೆಯ ಶಾಯಿಯಲ್ಲಿ 4,000ಕ್ಕೂ ಹೆಚ್ಚು ರಾಸಾಯನಿಕಗಳನ್ನು ನಿಷೇಧಿಸಿತು, ಇಲ್ಲವೇ ಮಿತಿಗೊಳಪಡಿಸಿತು. ಒಂದು ನೀಲಿ, ಒಂದು ಹಸಿರು ಬಣ್ಣಕ್ಕೆ ಇನ್ನೊಂದು ವರ್ಷದ ಕಾಲಾವಕಾಶವಿತ್ತು.

ಕ್ಯಾನ್ಸರ್ ವಿಚಾರಕ್ಕೆ ಬರೋಣ, ಏಕೆಂದರೆ ಇಲ್ಲಿ ಗದ್ದಲ ಹೆಚ್ಚು. ಇಂಗಾಲದ ಕಪ್ಪನ್ನು ‘ಮನುಷ್ಯರಲ್ಲಿ ಕ್ಯಾನ್ಸರ್ ತರುವ ಸಾಧ್ಯತೆಯಿದೆ’ ಎಂಬ ವರ್ಗದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಇಟ್ಟಿದೆ. ಅದರೊಂದಿಗೆ ಬರಬಹುದಾದ ಬೆಂಜೊಪೈರೀನ್ ಎಂಬ ಕಲ್ಮಶ ಕ್ಯಾನ್ಸರ್‌ಕಾರಕವೆಂದು ಖಚಿತಗೊಂಡದ್ದು. ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದವರು 2024ರಲ್ಲಿ 11,905 ಮಂದಿಯ ಮಾಹಿತಿ ಪರಿಶೀಲಿಸಿದಾಗ, ಹಚ್ಚೆ ಇದ್ದವರಲ್ಲಿ ದುಗ್ಧಗ್ರಂಥಿಗಳ ಕ್ಯಾನ್ಸರ್ ಆದ ಲಿಂಫೋಮದ ಸಾಧ್ಯತೆ ಶೇ 21ರಷ್ಟು ಹೆಚ್ಚು ಕಂಡಿತು. ಬಣ್ಣ ಗ್ರಂಥಿಗಳಲ್ಲಿ ತಂಗುತ್ತದೆ ಎಂಬುದರ ಜೊತೆ ಇದನ್ನಿಟ್ಟು ನೋಡಿದರೆ ಯಾರಿಗಾದರೂ ಗಾಬರಿಯಾದೀತು. ಆದರೆ ಅದೇ ಅಧ್ಯಯನದಲ್ಲಿ ಹಚ್ಚೆ ದೊಡ್ಡದಾದಷ್ಟೂ ಅಪಾಯ ಹೆಚ್ಚುವುದು ಕಾಣಲಿಲ್ಲ. ಬಣ್ಣವೇ ಕಾರಣವಾಗಿದ್ದರೆ ಹಾಗೆ ಹೆಚ್ಚಬೇಕಿತ್ತು. ಲಿಂಫೋಮ ಮೊದಲೇ ಅಪರೂಪದ ರೋಗ, ಅಪರೂಪದ್ದರಲ್ಲಿ ಶೇ 21 ಹೆಚ್ಚಳವೆಂದರೂ ಒಬ್ಬ ವ್ಯಕ್ತಿಯ ಮಟ್ಟಿಗೆ ಅದು ಸಣ್ಣ ಅಂಕಿ. ‘ಹಚ್ಚೆಯಿಂದ ಕ್ಯಾನ್ಸರ್’ ಎಂಬ ತಲೆಬರಹವನ್ನೂ ‘ಏನೂ ಆಗುವುದಿಲ್ಲ’ ಎಂಬ ಅಂಗಡಿಯವರ ಭರವಸೆಯನ್ನೂ ನಾನು ಒಂದೇ ತಕ್ಕಡಿಯಲ್ಲಿಡುತ್ತೇನೆ. ಕಣ್ಣಿಗೆ ಕಾಣುವ, ಅನುಮಾನವಿಲ್ಲದ ಅಪಾಯ ಇನ್ನೊಂದಿದೆ: ಮಚ್ಚೆಯ ಮೇಲೆ ಹಚ್ಚೆ ಹಾಕಿಸಿಕೊಳ್ಳುವುದು. ಮಚ್ಚೆಯ ಬಣ್ಣ, ಅಂಚು, ಗಾತ್ರ ಬದಲಾಗುವುದೇ ಮೆಲನೋಮದ ಮೊದಲ ಸುಳಿವು. ಅದನ್ನು ಕಪ್ಪು ಬಣ್ಣದಡಿ ಮುಚ್ಚಿಬಿಟ್ಟರೆ ನೋಡುವವರಿಗೆ ಉಳಿಯುವುದೇನು?

ಎಂಆರ್‌ಐ ಯಂತ್ರದಲ್ಲಿ ಹಚ್ಚೆ ಸುಟ್ಟುಹೋಗುತ್ತದೆ ಎಂಬ ಭಯ ಮಾತ್ರ ಬಹುಮಟ್ಟಿಗೆ ಉತ್ಪ್ರೇಕ್ಷೆ. ಕಬ್ಬಿಣದ ಆಕ್ಸೈಡ್ ಇರುವ ಬಣ್ಣ ಬಿಸಿಯಾಗಬಹುದು, ನಿಜ. ಆದರೆ 2019ರಲ್ಲಿ ಪ್ರಕಟವಾದ ಪರಿಶೀಲನೆಯಲ್ಲಿ 330 ಜನರ 932 ಹಚ್ಚೆಗಳನ್ನು ಗಮನಿಸಿದಾಗ, ಹಚ್ಚೆಗೆ ಸಂಬಂಧಿಸಿದ ತೊಂದರೆ ಕಂಡದ್ದು ಒಬ್ಬರಲ್ಲಿ, ಅದೂ ಅಲ್ಪ. ಹಚ್ಚೆಗೆ ಹೆದರಿ ಬೇಕಾದ ಸ್ಕ್ಯಾನ್ ಬಿಡುವುದೇ ಹೆಚ್ಚಿನ ಅಪಾಯ. ತಂತ್ರಜ್ಞರಿಗೆ ಮುಂಚೆ ತಿಳಿಸಿ, ಬಿಸಿ ಎನಿಸಿದರೆ ಹೇಳಿದರೆ ಸಾಕು.

ಗಾಯವಾದಲ್ಲೆಲ್ಲ ಚರ್ಮ ಗಂಟುಗಟ್ಟುವ, ಅಂದರೆ ಕೆಲಾಯ್ಡ್ ಬೆಳೆಯುವ ಪ್ರವೃತ್ತಿ ಇರುವವರು ಹಚ್ಚೆಯಿಂದ ದೂರವಿರುವುದೇ ಮೇಲು. ಚರ್ಮ ಕೆಂಪಾಗಿ ಹೊಪ್ಪಳೆ ಏಳುವ ಸೋರಿಯಾಸಿಸ್ ಇದ್ದವರಿಗೆ ಚುಚ್ಚಿದ ಗೆರೆಯುದ್ದಕ್ಕೂ ಅದೇ ರೋಗ ಏಳಬಹುದು. ನೋವು ತಿಳಿಯದಿರಲೆಂದು ಹಚ್ಚುವ ಲಿಡೊಕೇನ್ ಮುಲಾಮನ್ನು ದೊಡ್ಡ ಜಾಗಕ್ಕೆ ದಪ್ಪವಾಗಿ ಬಳಿದು ಪ್ಲಾಸ್ಟಿಕ್ ಸುತ್ತಿದರೆ, ರಕ್ತಕ್ಕೆ ಸೇರಿ ಹೃದಯದ ಬಡಿತವನ್ನೇ ಏರುಪೇರು ಮಾಡೀತು. ‘ಇದು ಹಚ್ಚೆಯೇ ಅಲ್ಲ, ತಾತ್ಕಾಲಿಕ’ ಎಂದು ಮಕ್ಕಳಿಗೂ ಹಾಕಿಸುವ ಕಪ್ಪು ಮೆಹಂದಿಯೂ ಸಾಧು ಅಲ್ಲ. ಮೆಹಂದಿಯ ಸಹಜ ಬಣ್ಣ ಕೆಂಗಂದು. ಒಂದೇ ಗಂಟೆಯಲ್ಲಿ ಕಡುಗಪ್ಪಾಗಲು ಅದಕ್ಕೆ ಪಿಪಿಡಿ ಎಂಬ ಕೂದಲಿನ ಬಣ್ಣದ ರಾಸಾಯನಿಕ ಬೆರೆಸುತ್ತಾರೆ. ಅದರಿಂದ ಎದ್ದ ಬೊಬ್ಬೆ ಮಾಯುತ್ತದೆ, ಆ ರಾಸಾಯನಿಕದ ಅಲರ್ಜಿ ಜೀವಮಾನವಿಡೀ ಉಳಿಯುತ್ತದೆ. ಎಷ್ಟೋ ವರ್ಷದ ಮೇಲೆ ತಲೆಗೂದಲಿಗೆ ಬಣ್ಣ ಹಚ್ಚಿದ ದಿನ ಮುಖವೆಲ್ಲ ಊದಿಕೊಂಡಾಗ ಅದು ಗೊತ್ತಾಗುತ್ತದೆ.

## ಅಳಿಸುವ ಲೆಕ್ಕ

‘ಬೇಡವಾದರೆ ಲೇಸರ್ ಇದೆಯಲ್ಲ’ ಎಂಬ ಮಾತು ಈಗ ಹಚ್ಚೆಯ ಜೊತೆಗೇ ಮಾರಾಟವಾಗುತ್ತಿದೆ. ಲೇಸರ್ ಬಣ್ಣವನ್ನು ಸುಟ್ಟು ಬೂದಿ ಮಾಡುವುದಿಲ್ಲ. ಸೆಕೆಂಡಿನ ನೂರು ಕೋಟಿಯಲ್ಲಿ ಕೆಲವೇ ಭಾಗದಷ್ಟು ಕಾಲ, ಪಿಕೊಸೆಕೆಂಡ್ ಯಂತ್ರಗಳಲ್ಲಿ ಅದಕ್ಕಿಂತಲೂ ಕಡಿಮೆ ಕಾಲ, ಬೆಳಕು ಬಣ್ಣದ ಕಣದ ಮೇಲೆ ಎರಗುತ್ತದೆ. ಸುತ್ತಲಿನ ಚರ್ಮಕ್ಕೆ ಬಿಸಿ ಹರಡುವಷ್ಟರಲ್ಲಿ ಕಣ ಹಠಾತ್ತನೆ ಕಾದು, ಬಂಡೆ ಸಿಡಿದು ಜಲ್ಲಿಯಾದಂತೆ ಚೂರಾಗುತ್ತದೆ. ಚಟ್ಟೆಂಬ ಸದ್ದು ಕೇಳುತ್ತದೆ, ಗೆರೆ ಕ್ಷಣದಲ್ಲಿ ಬೆಳ್ಳಗಾಗುತ್ತದೆ. ಆ ಬಿಳುಪು ಚರ್ಮದೊಳಗೆ ಎದ್ದ ಅನಿಲದ ಗುಳ್ಳೆಗಳು, ಹತ್ತಿಪ್ಪತ್ತು ನಿಮಿಷದಲ್ಲಿ ಮಾಯವಾಗುತ್ತದೆ. ಹಚ್ಚೆ ಮಾತ್ರ ಅಲ್ಲೇ ಇರುತ್ತದೆ.

ಏಕೆಂದರೆ ಲೇಸರ್ ಮಾಡುವುದು ಅರ್ಧ ಕೆಲಸ. ಚೂರುಗಳನ್ನು ಹೊತ್ತೊಯ್ಯಬೇಕಾದದ್ದು ಅವೇ ಮ್ಯಾಕ್ರೋಫೇಜ್‌ಗಳು, ಅದೇ ದುಗ್ಧರಸ. ಅದಕ್ಕೆ ಸಮಯ ಬೇಕು, ಹಾಗಾಗಿ ಎರಡು ಸರದಿಗಳ ನಡುವೆ ಸಾಮಾನ್ಯವಾಗಿ ಆರರಿಂದ ಎಂಟು ವಾರ ಬಿಡುತ್ತಾರೆ. 2012ರಲ್ಲಿ ಪ್ರಕಟವಾದ ಇಟಲಿಯ ಅಧ್ಯಯನವೊಂದರಲ್ಲಿ 352 ಜನರನ್ನು ಗಮನಿಸಿದಾಗ, ಹತ್ತು ಸರದಿಗಳ ನಂತರ ಯಶಸ್ಸು ಸಿಕ್ಕದ್ದು ಸುಮಾರು ಶೇ 47 ಮಂದಿಗೆ, ಹದಿನೈದರ ನಂತರ ಸುಮಾರು ಶೇ 75 ಮಂದಿಗೆ. ಧೂಮಪಾನಿಗಳಲ್ಲಿ ಯಶಸ್ಸು ತೀರ ಕಡಿಮೆ. ಹದಿನೈದು ಸರದಿ, ಪ್ರತಿ ನಡುವೆ ಎರಡು ತಿಂಗಳು ಎಂದು ಕೂಡಿಸಿದರೆ ಎರಡು ವರ್ಷ ದಾಟುತ್ತದೆ. ಒಂದು ಮಧ್ಯಾಹ್ನದಲ್ಲಿ ಹಾಕಿಸಿಕೊಂಡದ್ದಕ್ಕೆ ತೆರುವ ಕಾಲ ಇದು. ದುಗ್ಧರಸ ಚೆನ್ನಾಗಿ ಹರಿಯುವ ಎದೆ, ಬೆನ್ನಿನ ಹಚ್ಚೆ ಬೇಗ ತಿಳಿಯಾಗುತ್ತದೆ, ಪಾದ, ಬೆರಳಿನದು ನಿಧಾನ.

ಬಣ್ಣ ಬಣ್ಣಕ್ಕೂ ಬೇರೆ ಬೆಳಕು ಬೇಕು. ಕಪ್ಪಿಗೆ 1064 ನ್ಯಾನೋಮೀಟರ್ ತರಂಗಾಂತರದ ಬೆಳಕು, ಕೆಂಪಿಗೆ 532, ಹಸಿರು ನೀಲಿಗೆ 694 ಅಥವಾ 755. ಒಂದೇ ಯಂತ್ರವಿರುವ ಕಡೆ ಎಲ್ಲ ಬಣ್ಣವೂ ಹೋಗುತ್ತದೆ ಎಂದರೆ ನಂಬಬಾರದು. ಕಂದು, ಕಪ್ಪು ಮೈಬಣ್ಣದವರಿಗೆ ಇನ್ನೊಂದು ತೊಡಕಿದೆ: ಚರ್ಮದ ಸ್ವಂತ ವರ್ಣವಾದ ಮೆಲನಿನ್ ಕೂಡ ಲೇಸರನ್ನು ಹೀರುತ್ತದೆ. ಹಚ್ಚೆ ಹೋಗಿ ಅದೇ ಆಕಾರದ ಬಿಳಿ ಕಲೆ ಉಳಿಯಬಹುದು. ಇಂಥವರಿಗೆ 1064ರ ಬೆಳಕೇ ಹೆಚ್ಚು ಸುರಕ್ಷಿತ, ಅದರಿಂದ ಹೋಗುವುದು ಮುಖ್ಯವಾಗಿ ಕಪ್ಪು ಬಣ್ಣ. ಹುಬ್ಬು, ತುಟಿಗೆ ಹಾಕಿಸಿಕೊಂಡ ಮೈಬಣ್ಣದ ಅಥವಾ ತಿಳಿಗುಲಾಬಿಯ ಶಾಶ್ವತ ಮೇಕಪ್ ಒಂದೇ ಏಟಿಗೆ ಕಪ್ಪಾಗಿಬಿಡುವುದುಂಟು. ಅದರಲ್ಲಿರುವ ಟೈಟಾನಿಯಂ, ಕಬ್ಬಿಣದ ಆಕ್ಸೈಡ್‌ಗಳು ಲೇಸರಿನ ಶಾಖಕ್ಕೆ ರೂಪ ಬದಲಿಸುತ್ತವೆ. ಕೆಂಪಿಗೆ ಅಲರ್ಜಿಯಾದವರು ಲೇಸರಿಗೆ ಹೋದರೆ ಒಡೆದ ಚೂರುಗಳು ಮೈಯೆಲ್ಲ ಹರಡಿ ಪ್ರತಿಕ್ರಿಯೆ ಇನ್ನೂ ತೀವ್ರವಾಗಬಹುದು. ಹಚ್ಚೆ ಅಳಿಸುವ ಮುಲಾಮುಗಳ ಬಗ್ಗೆ ಹೆಚ್ಚು ಹೇಳುವುದೇನೂ ಇಲ್ಲ. ಅವು ಬಣ್ಣವಿರುವ ಪದರವನ್ನು ತಲುಪುವುದಿಲ್ಲ, ತಲುಪುವಷ್ಟು ಕಟುವಾದ ಆಮ್ಲವಾಗಿದ್ದರೆ ಮೊದಲು ಸುಡುವುದು ಚರ್ಮವನ್ನೇ.

ಒಂದೆರಡು ವರ್ಷದಲ್ಲಿ ತಾನೇ ಕರಗುವ ಶಾಯಿ ಎಂಬ ಪ್ರಚಾರವೂ ಇತ್ತೀಚೆಗೆ ಕಾಣುತ್ತಿದೆ. ಇಂತಹ ಹಚ್ಚೆ ಹಾಕಿಸಿಕೊಂಡವರಲ್ಲಿ ಹಲವರು ಹೇಳಿದ ಗಡುವು ಮೀರಿದರೂ ಗೆರೆ ಹೋಗಿಲ್ಲವೆಂದು ದೂರಿದ್ದಾರೆ. ಬಣ್ಣ ನಿಜಕ್ಕೂ ಮಾಯವಾಗಬೇಕಾದರೆ ಅದು ದೇಹ ಕರಗಿಸಬಲ್ಲ ಅಥವಾ ಹೊತ್ತೊಯ್ಯಬಲ್ಲ ಚೂರುಗಳಾಗಿ ಒಡೆಯಲೇಬೇಕು. ಒಡೆದ ಮೇಲೆ ಅವು ಯಾವ ರಾಸಾಯನಿಕಗಳಾಗುತ್ತವೆ, ಯಾವ ಗ್ರಂಥಿಯಲ್ಲಿ ತಂಗುತ್ತವೆ, ಮೂತ್ರದಲ್ಲೋ ಮಲದಲ್ಲೋ ಹೊರಹೋಗುತ್ತವೆಯೇ ಎಂಬುದಕ್ಕೆ ಪರೀಕ್ಷೆಯ ದಾಖಲೆ ಇದೆಯೇ ಎಂದು ಮಾರುವವರನ್ನು ಕೇಳಬೇಕು.